ತೇವಕ್ಕೆ ಎರಡು ಕಿಲೋ

ಹಳದಿ ಛತ್ರಿ ಎತ್ತಿ ಹಿಡಿದು ಸಮೀಹ ಮುಂದೆ,
ಹಿಂದೆ ನಾವು ಇಪ್ಪತ್ತಮೂರು ಜನ,
ಸಿದ್ದಾಪುರ, ಅಮ್ಮತ್ತಿ, ಪಾಲಿಬೆಟ್ಟದವರು,
ತಲೆಗೆ ಟೋಪಿ, ಹೊಟ್ಟೆಗೆ ಮಾತ್ರೆ,
ದಮಯಂತಿಯ ಚೀಲದಲ್ಲಿ ಕಾಚಂಪುಳಿ ಹಾಕಿದ ಉಪ್ಪಿನಕಾಯಿ.

ಎಂಟು ದಿನ. ಬರೆದಿಟ್ಟಿದ್ದೇನೆ,
ಹಳೆಯ ಚೆಕ್‌ರೋಲಿನ ಕೊನೆಯ ಹಾಳೆಯಲ್ಲಿ.
ಬೇರೆ ಪುಸ್ತಕ ನನ್ನ ಬಳಿ ಇದ್ದದ್ದು ಯಾವಾಗ?

ಒಂದು: ಪಿರಮಿಡ್ಡು. ಒಂಟೆಯವನೊಡನೆ ಜಗಳ.
ಎರಡು: ಮ್ಯೂಸಿಯಂ. ಮಂಡಿನೋವು.
ಮೂರರ ಎದುರು ಏನೂ ಇಲ್ಲ,
ರೈಲಿನಲ್ಲಿ ನಿದ್ದೆ ಬಂದಿರಬೇಕು.
ನಾಲ್ಕು: ಕಂಬಗಳು. ಎಣಿಸಿದೆ, ನೂರಮೂವತ್ತನಾಲ್ಕು.
ಸಿಲ್ವರ್ ಓಕ್ ಎಣಿಸಿದವನಿಗೆ ಅದೇನು ಕಷ್ಟ,
ಮೆಣಸಿನ ಬಳ್ಳಿ ಒಂದು ಹಬ್ಬಿರಲಿಲ್ಲ, ಅಷ್ಟೆ.

ಐದನೆಯ ದಿನ ಛತ್ರಿ ಮಡಚಿಕೊಂಡು
ಬೆಟ್ಟದ ಹೊಟ್ಟೆಗೆ ಇಳಿಸಿದಳು ಸಮೀಹ.
ರಾಜನ ಗೋರಿಯಲ್ಲ ಇದು, ಅಂದಳು,
ರಾಜನ ಹೊಲಗಳಿಗೆ ಲೆಕ್ಕ ಬರೆದವನದು.
ರೈಟರನದ್ದಾ? ಅಂದೆ.
ರೈಟರನದ್ದೇ.
ಎಲ್ಲರೂ ತಿರುಗಿ ನನ್ನನ್ನು ನೋಡಿ ನಕ್ಕರು.

ಗೋಡೆಯ ತುಂಬ ಕೊಯ್ಲು.
ತೆನೆ ಆಯುವ ಹುಡುಗಿಯರಿಬ್ಬರು
ಜುಟ್ಟು ಹಿಡಿದು ಕಿತ್ತಾಡುತ್ತಿದ್ದರು,
ಇನ್ನೊಬ್ಬಳು ಗೆಳತಿಯ ಪಾದ ತೊಡೆಯ ಮೇಲಿಟ್ಟು
ಮುಳ್ಳು ತೆಗೆಯುತ್ತಿದ್ದಳು,
ಒಬ್ಬನಿಗೆ ಬೀಳುತ್ತಿತ್ತು ಬೆತ್ತದ ಏಟು.
ರಾಶಿಯ ಪಕ್ಕದಲ್ಲಿ ಬರೆಯುವವರ ಸಾಲು,
ಕೈಯಲ್ಲಿ ಕಡ್ಡಿ, ಕೈಯಲ್ಲಿ ಹಲಗೆ,
ಮೂರು ಸಾವಿರ ವರ್ಷವಾಯಿತು,
ಯಾರೂ ಇನ್ನೂ ಟೋಟಲ್ ಹಾಕಿಲ್ಲ.

ಆಚೆ ಗೋಡೆಯಲ್ಲಿ ತಕ್ಕಡಿ.
ಸತ್ತವನ ಹೃದಯ ಒಂದು ತಟ್ಟೆಯಲ್ಲಿ,
ಇನ್ನೊಂದರಲ್ಲಿ ಗರಿ.
ಹೃದಯ ಭಾರವಾದರೆ ನುಂಗಲು
ಬಾಯಿ ತೆರೆದು ಕೂತಿರುತ್ತದಂತೆ ಒಂದು ಪ್ರಾಣಿ.
ಉಳಿದವರು ಪ್ರಾಣಿಯನ್ನು ಹುಡುಕಿದರು;
ನಾನು ನೋಡಿದ್ದು ಮುಳ್ಳು ನೆಟ್ಟಗಿದೆಯೇ ಎಂದು.
ಇಪ್ಪತ್ತೊಂಬತ್ತು ವರ್ಷದ ಚಾಳಿ.
ಅಲ್ಲಿ ತೂಗುವವನು ಬೇರೆ, ಬರೆಯುವವನು ಬೇರೆ.
ನಮ್ಮ ಶೆಡ್ಡಿನಲ್ಲಿ ಎರಡೂ ನಾನೇ.

ಆಮೇಲೆ ಟಾರ್ಚು ಬಿಟ್ಟಳು ರೈಟರನ ಮುಖಕ್ಕೆ.
ಕಣ್ಣಿರಲಿಲ್ಲ.
ಮೂಗು, ತುಟಿ, ಕೊರಳ ಸರ ಹಾಗೇ ಬಿಟ್ಟು
ಕಣ್ಣನ್ನು ಮಾತ್ರ ಯಾರೋ ಕೆತ್ತಿ ತೆಗೆದಿದ್ದರು.
ಯಾರು, ಯಾಕೆ, ಕೇಳಿದಳು ದಮಯಂತಿ.
ಯಾರಿಗೂ ಗೊತ್ತಿಲ್ಲ, ಅಂದಳು ಸಮೀಹ,
ಫೋಟೋಗೆ ಎರಡು ನಿಮಿಷ.

ನನಗೆ ಗೊತ್ತಿತ್ತು.

ಆರು, ಏಳು, ಎಂಟು: ದೋಣಿ, ದೇವಸ್ಥಾನ,
ಮತ್ತೊಂದು ದೇವಸ್ಥಾನ, ಅತ್ತರಿನ ಅಂಗಡಿ.

ಈಗ ರೋಬಸ್ಟಾ ಕೊಯ್ಲು.
ಸಂಜೆ ಐದಕ್ಕೆ ತಗಡಿನ ಶೆಡ್ಡಿನ ಕೆಳಗೆ ಚೀಲಗಳ ಸಾಲು,
ಕೊಕ್ಕೆಗೆ ತೂಗಿದ ತಕ್ಕಡಿ.
ಏಳನೇ ಬ್ಲಾಕಿನಲ್ಲಿ ಆನೆ ನಿಂತಿತ್ತಂತೆ,
ಚೋಮಿ ಬಂದದ್ದು ಕೊನೆಗೆ,
ಸುತ್ತು ದಾರಿಯಲ್ಲಿ, ಒಂದು ಕಾಲು ಎತ್ತಿಟ್ಟುಕೊಂಡು.
ನಲವತ್ತೆಂಟಕ್ಕೆ ನಿಂತಿತು ಮುಳ್ಳು.

ತೇವಕ್ಕೆ, ಎಲೆಗೆ, ಚೀಲಕ್ಕೆ ಎರಡು ಕಿಲೋ ಕಳೆ
ಎಂದು ಹೇಳಿಕೊಟ್ಟದ್ದು ಹಿಂದಿನ ರೈಟರು.
ಅವರಿಗೆ ಹೇಳಿಕೊಟ್ಟದ್ದು ಅದರ ಹಿಂದಿನವರು.
ಚೋಮಿ ಪುಸ್ತಕ ನೋಡುವುದಿಲ್ಲ, ಓದು ಬಾರದು.
ನನ್ನ ಕಣ್ಣನ್ನು ನೋಡುತ್ತಾಳೆ,
ಎಷ್ಟು ಬರೆಯುತ್ತೇನೆಂದು ಅಲ್ಲೇ ತಿಳಿಯುವ ಹಾಗೆ.

ನಲವತ್ತೆಂಟು, ಬರೆದೆ.
ಅವಳು ನಂಬಲಿಲ್ಲ. ಬೆರಳಚ್ಚು ಒತ್ತಿ,
ಕಟ್ಟೆಯ ಮೇಲೆ ಕೂತು, ಅಂಗಾಲಿನ ಮುಳ್ಳು ಹುಡುಕತೊಡಗಿದಳು.

ಮಾರನೆಯ ದಿನ ಮಂಜು ಜಾಸ್ತಿ,
ಹಣ್ಣು ನಿಜಕ್ಕೂ ಒದ್ದೆ.
ಒಂದು ಕಿಲೋ ಕಳೆದೆ.

ರಾತ್ರಿ ದೀಪ ಆರಿಸಿದ ಮೇಲೆ
ಎರಡು ಸಲ ಕಣ್ಣು ಮುಟ್ಟಿ ನೋಡಿಕೊಂಡೆ.