ಬಹುದು

ಆಸ್ಪತ್ರೆಯ ಬಟ್ಟೆ ಒಗೆಯುವವಳಿಗೆ
ಬಣ್ಣದ ಬುದ್ಧಿ ಯಾರೂ ಹೇಳಿಕೊಡಬೇಕಿಲ್ಲ.
ರಕ್ತಕ್ಕೆ ತಣ್ಣೀರು; ಬಿಸಿ ತಾಗಿದರೆ
ಜನ್ಮಕ್ಕೂ ಬಿಡದು.
ಅರಿಶಿನವನ್ನು ಉಜ್ಜಬಾರದು,
ಹರವಿ ಬಂದರೆ ಸಾಕು, ಕಾರವಾರದ ಬಿಸಿಲೇ ತಿಂದು ಮುಗಿಸುತ್ತದೆ.
ಮುರುಗಲದ ಕೆಂಪು ಮಾತ್ರ ಮಾಯಾವಿ.
ಸೋಪು ಸೋಕಿದ್ದೇ ತಡ
ನೀಲಿಗೆ ತಿರುಗಿ
ಅಲ್ಲೇ ಕೂತು ನನ್ನನ್ನೇ ನೋಡುತ್ತದೆ.

ಬಾಯ್ಲರ್ ನೋಡುವ ಇನಾಸನಿಗೆ ಎದೆ ಹಿಡಿದಾಗ
ಅವನ ಮನೆಯ ಕ್ರಿಸ್ಮಸ್ ನಕ್ಷತ್ರ ಇನ್ನೂ ಇಳಿಸಿರಲಿಲ್ಲ.
ಮಂಗಳೂರಿಗೋ ಗೋವೆಗೋ ಎಂದು ತಮ್ಮಂದಿರು ಕೇಳುವಷ್ಟರಲ್ಲಿ
ಆಂಬುಲೆನ್ಸು ಕಾಳಿ ಸೇತುವೆ ದಾಟಿ ಆಗಿತ್ತು.
ಪೆನ್ನಿನೊಳಗಿನ ಸ್ಪ್ರಿಂಗಿನಷ್ಟು ಒಂದು ಜಾಲರಿ ಇಟ್ಟು
ಕಳಿಸಿದರು.

ಆಹಾರದ ಮೇಡಮ್ಮು ಶಿರಸಿ ಕಡೆಯ ಹುಡುಗಿ,
ಮೆತ್ತಗಿನ ದನಿ.
"ಬಣ್ಣ ಇರುವುದನ್ನು ಊಟಕ್ಕೆ ತನ್ನಿ,
ಕೆಂಪು ಹರಿವೆ, ನೇರಳೆ ಸಿಕ್ಕಾಗ ನೇರಳೆ,
ಮುರುಗಲ ಆದರೆ ಉಪ್ಪು ಹಾಕದ್ದು.
ಆ ಬಣ್ಣಗಳು ರಕ್ತನಾಳವನ್ನು ಕಾಪಾಡಬಹುದು."

ಬಹುದು!
ವಾರವಿಡೀ ಇನಾಸ ಆ ಬಾಲವನ್ನೇ ಹಿಡಿದು ಎಳೆದ.
"ಕಾಪಾಡ್ತದೆ ಅನ್ಲಿ, ಇಲ್ಲ ಅನ್ಲಿ.
ಪೈಪಿನೊಳಗೆ ಸುಣ್ಣ ಕಟ್ಟಿದರೆ
ನಾನೇನು ಬಣ್ಣ ಹೊಡೀತೇನಾ ಬಾಯಿ?
ಆಸಿಡ್ ಬಿಡ್ತೇನೆ,
ಬಗ್ಗದಿದ್ದರೆ ಸುತ್ತಿಗೆಯಲ್ಲಿ ನಾಲ್ಕು."

ಮೇಡಮ್ಮು ನಗಲಿಲ್ಲ.
ಪೈಪು ಜಡ, ಇದು ಜೀವ, ಅಂದಳು.
ಒಳಗೋಡೆ ಒಂದೇ ಸಾಲು ಕಣ,
ಎಳನೀರಿನ ಗಂಜಿಯ ಮೇಲಿನ ಪೊರೆಯೂ ಅದರ ಮುಂದೆ ದಪ್ಪ.
ಅದು ಸನ್ನೆ ಮಾಡಿದರೆ ನಾಳ ಸಡಿಲುತ್ತದೆ,
ಸುಸ್ತಾದರೆ ಸನ್ನೆ ಮರೆಯುತ್ತದೆ.
ಬಣ್ಣಗಳು ಆ ಸುಸ್ತು ತಡೆಯುತ್ತವೆಂದು
ಕೆಲವು ಪರೀಕ್ಷೆಗಳು ಹೇಳುತ್ತವೆ,
ಕೆಲವು ಏನೂ ಹೇಳುವುದಿಲ್ಲ.
ಮಾತ್ರೆ ಮಾತ್ರ ಬಿಡಬೇಡಿ.

ನಾನು ಬಾಗಿಲ ಹೊರಗೆ, ದಿಂಬಿನ ಕವರು ಎಣಿಸುತ್ತ.
ಕ್ವಾರ್ಟರ್ಸಿನ ಹಿಂದಿನ ಮಾವು ನೆನಪಾಯಿತು.
ಚಿಗುರಿದಾಗ ಮೊದಲು ತಾಮ್ರ,
ಹಸಿರು ಆಮೇಲೆ.
ಎಳೆಯದಕ್ಕೆ ಸುಡಬಾರದೆಂದು ಮರ ಹಿಡಿದ ಕೊಡೆ ಇರಬೇಕು ಅದು,
ಎಲೆ ಬಲಿತ ಮೇಲೆ ಮಡಚಿ ಇಡುತ್ತದೆ.
ಮರದ ಕೊಡೆ ಮನುಷ್ಯನಿಗೂ ಆದೀತೇ?
ಆಗಬಹುದು,
ಅಂದೆ, ನಾನೂ ಅದನ್ನೇ.
ಮೂವತ್ತು ವರ್ಷದಿಂದ ನರ್ಸಮ್ಮರಿಗೆ ಹೇಳಿದ್ದೂ ಇದೇ ಅಲ್ಲವೇ,
ಹೋಗಬಹುದು ಸಿಸ್ಟರ್, ಈ ಕಲೆ,
ನೋಡುವ.

ರವಿವಾರದ ಸಂತೆಯಲ್ಲಿ ಬೆಳಸೆಯ ಹೊನ್ನಿ
ಕೊರಳ ತುಂಬ ಮಣಿ ಹೊತ್ತು
ಹರಿವೆಯ ಮೇಲೆ ನೀರು ಚಿಮುಕಿಸುತ್ತಾಳೆ.
ಎರಡು ಕಟ್ಟು ಇನಾಸನ ಮನೆಗೆ, ಒಂದು ನನಗೆ.
ತೊಳೆದ ನೀರು ಗುಲಾಬಿ,
ಅನ್ನಕ್ಕೆ ಕಲಸಿದರೆ ಅನ್ನವೂ.
ಅವನ ಹೆಂಡತಿ ಪಿಯೆದಾದ್
ಉಪ್ಪಿಲ್ಲದೆ ಮುರುಗಲ ಒಣಗಿಸಲು ಹೋಗಿ
ಅರ್ಧಕ್ಕೆ ಬೂಷ್ಟು ಹಿಡಿಸಿ
ಶಿರಸಿಯನ್ನೂ ಡಾಕ್ಟರನ್ನೂ ಸೇರಿಸಿ ಬೈದು
ಉಳಿದರ್ಧವನ್ನು ಡಬ್ಬಕ್ಕೆ ತುಂಬಿದಳು.

ಜೂನಿನ ಮೊದಲ ವಾರ ತಪಾಸಣೆ.
ಹಿಂದಿನ ರಾತ್ರಿ ಮಳೆ.
ಕೋಡಿಬಾಗದ ರಸ್ತೆಯಂಚಿನ ನೇರಳೆ
ಡಾಂಬರಿನ ತುಂಬ ಮಸಿ ಚೆಲ್ಲಿತ್ತು.
ಪಟ್ಟಿ ಕಟ್ಟಿ ಬಿಪಿ ನೋಡುತ್ತ ಸಿಸ್ಟರ್
"ಪಥ್ಯ ಹೇಗೆ ನಡೀತಿದೆ?" ಎಂದರೆ
ಇನಾಸ ಮಾತಾಡಲಿಲ್ಲ,
ನಾಲಿಗೆ ಚಾಚಿದ.
ಕಡುನೀಲಿ, ಬುಡದವರೆಗೆ.

ಬಿಪಿ ಎಷ್ಟಿತ್ತೋ ನನಗೆ ಗೊತ್ತಿಲ್ಲ,
ಬರೆದದ್ದು ನನಗೆ ಕಾಣುವ ಕಡೆ ಅಲ್ಲ.
ಅವನು ಮಲಗೆದ್ದ ಹಾಸು ಸಂಜೆ ನನ್ನ ಕೈಗೆ ಬಂತು.
ಸೂಜಿ ಕಿತ್ತ ಜಾಗದಲ್ಲಿ ಕೆಂಪಿನ ಒಂದು ಬೊಟ್ಟು,
ಗೇಣು ದೂರದಲ್ಲಿ, ಜೇಬು ಅದುಮಿದಲ್ಲಿ,
ನೇರಳೆಯ ಇಷ್ಟಗಲ.
ಒಂದಕ್ಕೆ ತಣ್ಣೀರು ಬಿಟ್ಟೆ.
ಇನ್ನೊಂದಕ್ಕೆ ನಿಂಬೆಹಣ್ಣು ತರಲು
ಕ್ಯಾಂಟೀನಿಗೆ ಹೋದೆ.