ಮೀಟರಿನ ಕೆಂಪು ಚುಕ್ಕಿ

ಸಿಲಿಂಡರಿನ ಕಿವಿ ತಿರುವಿದೆ. ಗೀಜರ್ ಬಂದ್. ಟಿವಿ ಬಂದ್.
ಮಿಕ್ಸರಿನ ಬಾಲ ಕಿತ್ತು ಸುತ್ತಿಟ್ಟೆ.
ಕೀಲಿ ಹಾಕಿ, ಜಗ್ಗಿ ನೋಡಿ,
ಎರಡು ಹೆಜ್ಜಿ ಹೋಗಿ, ತಿರುಗಿ ಬಂದು ಮತ್ತ ಜಗ್ಗಿ,
ಬೆಟಗೇರಿಯಿಂದ ಹುಬ್ಬಳ್ಳಿ ಬಸ್ಸು ಹಿಡಿದೆ.
ಉಣಕಲ್ಲಾಗ ತಂಗಿ ಮಗಳ ಕುಬಸ.

ಅಣ್ಣಿಗೇರಿ ದಾಟಿತ್ತು.
ಬಿಸಿಲಿಗೆ ಹಿಡಿದ ಚೀಲದಾಗ
ಖಣದ ಮ್ಯಾಲೆ ಕೈ ಇಟ್ಟೆ. ಬೆಚ್ಚಗಿತ್ತು.

ಇಸ್ತ್ರಿ!

ಮಡಿಕಿ ನೆನಪೈತಿ, ನೀರು ಚಿಮುಕಿಸಿದ್ದು ನೆನಪೈತಿ,
ಸ್ವಿಚ್ಚು ಒತ್ತಿದ ಬೆರಳು ನೆನಪಿಲ್ಲ.
ನಿನ್ನೆ ಒತ್ತಿದ್ದು, ಮೊನ್ನೆ ಒತ್ತಿದ್ದು, ವರ್ಷಗಟ್ಟಲೆ ಒತ್ತಿದ್ದು
ಒಂದರ ಮ್ಯಾಲೊಂದು ಕುಂತಾವು,
ಅದರಾಗ ಇವತ್ತಿಂದು ಯಾವುದಂತ ಹೆಂಗ ಆರಿಸಲಿ?
ಮಗ್ಗ ಮಾರಿ ಹನ್ನೆರಡು ವರ್ಷ ಆದರೂ
ಅಟ್ಟದ ತುಂಬ ನೂಲಿನ ಲಡಿ ಹಂಗ ಅದಾವ.
ಒಂದು ಕಿಡಿ ಸಾಕು.

ಹೆಸ್ಕಾಂ ಹುಡುಗ ಹೊಸ ಮೀಟರು ಕೂಡಿಸೂ ಮುಂದ ಹೇಳಿದ್ದ:
ಕೆಂಪು ಚುಕ್ಕಿ ನೋಡ್ರಿ ಅಮ್ಮಾ, ಮನಿ ಉಂಡಷ್ಟು ಮಿಣುಕತೈತಿ.
ಮೀಟರು ಹೊರಗಿನ ಗ್ವಾಡಿಗೆ ಐತಿ.
ಆ ಗ್ವಾಡಿ ಆಚೆ ಬಾಕಳೆ ರತನಾಬಾಯಿ.

ಆಕಿ ಕೂಡ ಮಾತು ಬಂದ್ ಆಗಿ ಎಂಟು ತಿಂಗಳು.
ಹತ್ತು ದಿನಕ್ಕೊಮ್ಮೆ ಬರೂ ನಳ, ಒಂದ ಪೈಪು,
ಎರಡು ಮಾತು ಆಕಿವು, ನಾಕು ನನ್ನವು.
ನಂಬರು ಅಳಿಸಿದ್ದಿಲ್ಲ. ಹೆಸರಷ್ಟ ತಗದು
'ಪೈಪು' ಅಂತ ಬರದಿದ್ದೆ.

ಪೈಪಿಗೆ ಫೋನ್ ಹಚ್ಚಿದೆ.

ಯಾಕ ಅನ್ನಲಿಲ್ಲ. ಚಪ್ಪಲಿ ಸಪ್ಪಳ,
ಆಮ್ಯಾಲೆ ನನ್ನ ಗೇಟಿನ ಕಿರ್ರ್,
ಬಸ್ಸಿನ್ಯಾಗ ಕುಂತು ನನ್ನ ಗೇಟು ಕೇಳಿದೆ.
"ಮಿಣುಕಿತು" ಅಂದಳು.
"ಮತ್ತ ಮಿಣುಕೂ ತನಕ ಎಣಸ."
ಆಕಿ ತನ್ನ ಮನಿ ಮಾತಿನ್ಯಾಗ, ನಾನು ನನ್ನ ಮಾತಿನ್ಯಾಗ.
ಕಡ್ಲಿ ಹೊಲ ಹೋತು, ಎರಿ ಹೊಲ ಹೋತು,
ಹೆಗಲ ಮ್ಯಾಲೆ ಕೂಸಿನ್ನ ಕುಂದ್ರಿಸಿಕೊಂಡಾಂವ ಒಬ್ಬ ಹೋದ.
ಹನ್ನೊಂದಕ್ಕ ಮತ್ತ ಮಿಣುಕಿತು.

"ಇಷ್ಟು ಸಾವಕಾಶ ಅಂದರ ಫ್ರಿಜ್ಜು. ಇಸ್ತ್ರಿ ಅಲ್ಲ ಬಿಡು."
"ಹಂಗಲ್ಲ ರತನಾ. ಇಸ್ತ್ರಿ ಕಳ್ಳ ನಿದ್ದಿದು.
ಕಾದ ಮ್ಯಾಲೆ ತಾನ ಕಣ್ಣು ಮುಚ್ಚತೈತಿ,
ಆರಿದ ಮ್ಯಾಲೆ ತಗೀತೈತಿ. ಇನ್ನ ಸ್ವಲ್ಪ ನೋಡು."

ಕಟ್ಟಿ ಮ್ಯಾಲೆ ಕುಂತಳು ಅನಸತೈತಿ,
ಮಣಕಾಲು ಹಿಡದು "ಅಯ್ಯ" ಅಂದದ್ದು ಕೇಳಿತು.
ಯಾವಾಗಿಂದ ನೋವು? ಕೇಳಬೇಕಂದೆ, ಕೇಳಲಿಲ್ಲ.
"ಹತ್ತು" ಅಂದಳು. "ಹನ್ನೊಂದು." ಆಮ್ಯಾಲೆ ಮತ್ತ ಮೊದಲಿಂದ.
ಅಷ್ಟ ಅಂತರ, ಅಷ್ಟ ಸಾವಕಾಶ,
ಮನಿ ಉಂಡು ಮಲಗಿದಾಂಗ.

ಶಿರಗುಪ್ಪಿ ಬಂತು. ಜನ ಇಳದರು, ಜನ ಹತ್ತಿದರು.
ಬಾಜೂದಾಕಿ ನನ್ನ ಮಾರಿ ನೋಡಿದಳು.
ಇಸ್ತ್ರಿ ಬಂದ್ ಇತ್ತು. ಅದು ಇಬ್ಬರಿಗೂ ಗೊತ್ತಾಗಿ
ಭಾಳ ಹೊತ್ತಾಗಿತ್ತು.

"ಖಣ ಯಾವ ಬಣ್ಣದ್ದು?" ಅಂದಳು.
"ನವಿಲ ಬಣ್ಣ" ಅಂದೆ. "ಅಂಚು ಕೆಂಪ."