ಏಳರ ಕಾಲು

ಜಾಹೀರಾತಿನಲ್ಲಿ ಇದ್ದದ್ದು ಇಷ್ಟು:
ಒಂದು ಹುದ್ದೆ, ಎರಡು ವರ್ಷ,
ಅನುದಾನ ಬಂದರೆ ಮೂರು.
ಲೋಹದ ದಣಿವನ್ನು ಲೆಕ್ಕದಲ್ಲಿ ಹಿಡಿಯಬಲ್ಲವರು ಬೇಕು.
ಓದಿ ನಕ್ಕಿದ್ದೆ ನಾನು, ಪ್ರಯೋಗಶಾಲೆಯ ಬೊರಿವೊಯ್,
ಎಳೆದು, ಬಗ್ಗಿಸಿ, ತಿರುಚಿ
ಮುರಿಯುವುದೇ ಕಸುಬಾದವನು.
ದಣಿವಿಗೂ ಲೆಕ್ಕವಿದ್ದರೆ
ನನ್ನ ಮಂಡಿಯ ಬಾಬ್ತು ಯಾರಲ್ಲಿ ಕೇಳಲಿ?

ಸಂದರ್ಶನಕ್ಕೆ ಹನ್ನೊಂದು ಜನ ಬಂದರು.
ಹಿಂದಿನ ವಾರವಷ್ಟೇ ಒಸ್ತ್ರಾವಾದ ಒಂದು ಟ್ರಾಮು
ತಿರುವಿನಲ್ಲಿ ಕುಂಟಿ ನಿಂತಿತ್ತು, ಅಚ್ಚು ತುಂಡಾಗಿ.
ಯಾರಿಗೂ ಏನೂ ಆಗಲಿಲ್ಲ,
ಒಬ್ಬ ಹೆಂಗಸಿನ ಚೀಲದ ಮೊಟ್ಟೆಗಳ ಹೊರತು.
ಆ ಅಚ್ಚು ಗೋಣಿ ಸುತ್ತಿಕೊಂಡು ನನ್ನ ಬೆಂಚಿನ ಮೇಲಿತ್ತು.
ಮುಖ್ಯಸ್ಥ ಕ್ರೆಮೆನ್ ಎಲ್ಲರಿಗೂ ಒಂದೇ ಪ್ರಶ್ನೆ ಇಟ್ಟರು:
ನಕ್ಷೆ ಇಗೋ, ಭಾರ ಇಷ್ಟು, ಓಡಿದ ದೂರ ಇಷ್ಟು,
ಬಿಚ್ಚದೆ ಹೇಳಿ, ಎಲ್ಲಿ ಮುರಿದಿದೆ?

ಹೆಡ್ವಿಕಾ ಬಂದವಳು ಕೋಟು ತೆಗೆಯಲಿಲ್ಲ.
ಇಡೀ ಉಕ್ಕನ್ನು ಸಾಸಿವೆಯಷ್ಟು ಚೂರುಗಳಾಗಿ ಹೆಚ್ಚಿ
ಒಂದೊಂದು ಚೂರನ್ನೂ ವಿಚಾರಿಸಿದಳು:
ನೆರೆಯವನು ನಿನ್ನನ್ನು ಎಷ್ಟು ದೂಡುತ್ತಾನೆ,
ನೀನೆಷ್ಟು ತಡೆಯುತ್ತೀ?
ಪರದೆಯ ಮೇಲೆ ನೀಲಿ, ಹಸಿರು, ಆಮೇಲೆ
ಗಾಲಿ ಕೂರುವ ಅಂಚಿನಲ್ಲಿ ಒಂದು ಕೆಂಪು ಉಂಗುರ.
ಇಲ್ಲಿ, ಅಂದಳು.
ಉಳಿದ ಹತ್ತು ಜನರೂ ಅಲ್ಲೇ ಅಂದಿದ್ದರು.

ಸಂಜೆ ಎಲ್ಲರೆದುರು ಗೋಣಿ ಬಿಚ್ಚಿದೆ.
ಅಲ್ಲಲ್ಲ. ಅಂಚಿನಿಂದ ಒಂದು ಗೇಣು ಈಚೆ.
ಮುರಿದ ಮುಖದ ತುಂಬ ಅಲೆಯ ಹಿಂದೆ ಅಲೆ,
ಕಡಿದ ಮರದ ಉಂಗುರಗಳ ಹಾಗೆ; ಎಲ್ಲವೂ ಹಿಮ್ಮುಖ ನಡೆದು
ಸೇರುವುದು ಒಂದೇ ಚುಕ್ಕೆಗೆ:
ಮೈಮೇಲೆ ಹೊಡೆದ ನಂಬರಿನ ಕೊನೆಯ ಅಂಕಿ, ಏಳು,
ಅದರ ಕಾಲಿನ ತುದಿ.
ಕೆಲವರು ಗಡಿಯಾರ ನೋಡಿದರು. ಒಬ್ಬ ನಕ್ಷೆಯನ್ನು ಬೈದ.
ಹೆಡ್ವಿಕಾ ಭೂತಗನ್ನಡಿ ಕೇಳಿದಳು.

ಆ ಏಳು ನನಗೆ ಗೊತ್ತಿತ್ತು.
ಎಂಬತ್ತಮೂರರಲ್ಲಿ, ಹತ್ತೊಂಬತ್ತರ ಪ್ರಾಯದಲ್ಲಿ,
ಕುಲುಮೆಯಾಚೆಯ ಶೆಡ್ಡಿನಲ್ಲಿ ನಂಬರು ಹೊಡೆಯುತ್ತಿದ್ದವನು ನಾನೇ.
ಏಳರ ಅಚ್ಚುಮೊಳೆಯ ಕಾಲು ಮುಕ್ಕಾಗಿತ್ತು, ಮುಕ್ಕು ಚೂಪಾಗಿತ್ತು,
ಹೊಸದಕ್ಕೆ ಚೀಟಿ ಬರೆಯಲು ಸೋಮಾರಿತನ.
ಆ ಕುಲುಮೆ ಈಗ ತಣ್ಣಗಿದೆ,
ಟಿಕೆಟು ಕೊಂಡು ಒಳಗೆ ಹೋಗಿ ನೋಡಬಹುದು.
ನಾಲ್ಕು ದಶಕ ಅಚ್ಚು ಊರನ್ನು ಹೊತ್ತು ತಿರುಗಿತು,
ನಾನು ಒತ್ತಿದ ಅಚ್ಚನ್ನು ಮೈಮೇಲೆ ಹೊತ್ತು.
ಹಣೆಬರಹ ಅನ್ನುತ್ತಾರಲ್ಲ,
ಬರೆದವನ ಕೈಯಲ್ಲಿ ಸುತ್ತಿಗೆಯಿತ್ತು,
ಗಂಟಲಲ್ಲಿ ಸಂಜೆಯ ಬಿಯರಿನ ಆತುರ.

ಕ್ಯಾಂಟೀನಿನಲ್ಲಿ ಅವಳೆದುರು ಕೂತು ಹೇಳಿಬಿಟ್ಟೆ.
ಸೂಪು ತಣಿಯಿತು. ಬೈಯುತ್ತಾಳೆ, ಇಲ್ಲವೇ
ಹೋಗಲಿ ಬಿಡಿ ಅನ್ನುತ್ತಾಳೆ;
ಎರಡಕ್ಕೂ ಸಿದ್ಧನಾಗಿದ್ದೆ.
ಸುತ್ತಿಗೆಯ ತೂಕ ಎಷ್ಟು? ಎಂದಳು.
ಒಂದೇ ಏಟೋ, ಎರಡೋ? ಉಕ್ಕು ಬಿಸಿಯಿತ್ತೋ, ಆರಿತ್ತೋ?
ನಿಮ್ಮ ಏಳು ನನ್ನ ಬಲೆಯಲ್ಲಿ ಇರಲಿಲ್ಲ,
ಈಗ ಹಾಕಬೇಕು.

ಹುದ್ದೆ ಅವಳಿಗೆ ಸಿಕ್ಕಿತು. ಸದ್ಯಕ್ಕೆ ಎರಡೇ ವರ್ಷ.
ಮೂರನೆಯದರ ಕಾಗದ ಯಾರದೋ ಮೇಜಿನ ಮೇಲಿದೆ.
ಲಿಂಜ್‌ನ ಉಕ್ಕಿನವರು ಆಗಲೇ ಕರೆದಿದ್ದಾರಂತೆ,
ಹೆಚ್ಚು ಸಂಬಳ, ಕಾಯಂ ಕುರ್ಚಿ;
ಆಮೇಲೆ ನೋಡೋಣ ಅನ್ನುತ್ತಾಳೆ, ಮುಖ ಎತ್ತದೆ.
ಡಿಪೋದವರು ಪಟ್ಟಿ ಕಳಿಸಿದ್ದಾರೆ:
ಏಳರಿಂದ ಮುಗಿಯುವ ಅಚ್ಚುಗಳು
ಇನ್ನೂ ಹದಿನಾಲ್ಕು ಓಡುತ್ತಿವೆ ಊರಿನಲ್ಲಿ.
ಯಾವುದನ್ನು ಇವತ್ತೇ ಕಳಚಬೇಕು,
ಯಾವುದಕ್ಕೆ ಇನ್ನೊಂದು ಚಳಿಗಾಲ ಕೊಡಬಹುದು?
ಅವಳ ಸಂಬಳ ಇರುವುದೇ ಈ ಪ್ರಶ್ನೆಗೆ.

ಮನೆಯ ಹಳೇ ಡಬ್ಬಿಯಲ್ಲಿ ಸಿಕ್ಕಿತು ಆ ಮುಕ್ಕು ಮೊಳೆ.
ಉಕ್ಕಿನ ತುಂಡಿನ ಮೇಲಿಟ್ಟು ಹೊಡೆದೆ.
ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು, ಆಳ ಸಾಲದು, ಅಂದಳು.
ಮತ್ತೆ ಹೊಡೆದೆ.
ಸಾಲದು.
ನನಗೀಗ ಅರವತ್ತೊಂದು, ಅಂದೆ.
ಅವಳು ಅಂಗಿಯ ತೋಳು ಮಡಚಿ
ಸುತ್ತಿಗೆ ಇಸಿದುಕೊಂಡಳು.